ಕೇಳುವವರ ಅಸ್ತೇಯ

1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಕೊಪ್ಪಳ ಸೀಮೆಯ ಮನೆಗಳಿಗೂ ಸಾಹಿತಿ, ಗವಾಯಿಗಳ ಮಾತು ತಲುಪಿತು. ಆ ನಿಲಯದಲ್ಲಿಯೂ ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ ಡಾ. ಜ್ಯೋತ್ಸ್ನಾ ಕಾಮತ್ (1937–2022) ಅವರು ಕಲಾವಿದರನ್ನೂ ಚಿಂತಕರನ್ನೂ ದೀರ್ಘಕಾಲ ಮಾತನಾಡಿಸಿದರು.

ಅಂದಿನ ಧ್ವನಿಸುರುಳಿಯನ್ನು ಕತ್ತರಿಯಿಂದಲೇ ಕತ್ತರಿಸಿ ಅಂಟಿಸಬೇಕಿತ್ತು. ಅಸ್ತೇಯವ್ರತದ ಪ್ರಶ್ನೆ ಏಳುವುದು ಇಲ್ಲಿಯೇ. ಕೊಡದುದನ್ನು ಕೊಳ್ಳುವುದು ಕಳವು. ಹಾಗಾದರೆ ಕೊಟ್ಟ ಮಾತನ್ನು ಕಳೆಯುವುದು? ಮೊಟಕುಗೊಳಿಸುವುದೇ ದೋಷವೆನ್ನಲಾಗದು, ಕೇಳುಗರ ಕಾಲಕ್ಕೂ ಬೆಲೆಯುಂಟಷ್ಟೆ. ಆದರೆ ವಿದ್ವಾಂಸರೊಬ್ಬರು ‘ಒಂದು ದೃಷ್ಟಿಯಿಂದ’ ಎಂದು ಸೇರಿಸಿದ ನುಡಿಯನ್ನೇ ತೆಗೆದುಬಿಟ್ಟರೆ ಅವರ ಅಭಿಪ್ರಾಯ ಏಕಾಂತವಾಗುತ್ತದೆ. ಸ್ಯಾದ್ವಾದ ಬಲ್ಲವರಿಗೆ ಆ ಚಿಕ್ಕ ನುಡಿಯ ತೂಕವನ್ನು ವಿವರಿಸಬೇಕಿಲ್ಲ. ಆಗ ಕಳವಿನೊಡನೆ ಅನೃತವೂ ಕೂಡಿತು. ಮಾತನಾಡಿದವರು ಬಿತ್ತರಣೆಯ ದಿನ ಬೆಚ್ಚಿಯಾರು. ಯಲಬುರ್ಗಾದಲ್ಲಿಯೋ ಕುಷ್ಟಗಿಯಲ್ಲಿಯೋ ರೇಡಿಯೋ ಮುಂದೆ ಕುಳಿತವರಿಗೆ ನೆಲಕ್ಕೆ ಬಿದ್ದ ತುಂಡಿನ ಸುಳಿವೂ ಸಿಗದು.