ಮಾಡದೆ ಬಿಟ್ಟದ್ದರ ಹೊಣೆ

ಲಿಮಿಟ್ ಪೋಕರ್‌ನಲ್ಲಿ ಬೆಟ್‌ನ ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ನಾಲ್ಕು ಸುತ್ತು ಬೆಟ್ ನಡೆಯುತ್ತದೆ. ಕೊನೆಯ ಎರಡು ಸುತ್ತುಗಳ ಬೆಟ್ ಮೊದಲೆರಡರ ಇಮ್ಮಡಿ. ಇದ್ದುದೆಲ್ಲವನ್ನೂ ಒಂದೇ ಸಲಕ್ಕೆ ಪಣಕ್ಕಿಡುವಂತಿಲ್ಲ. ಗೆಲುವು ಒಂದೊಂದು ಬೆಟ್ ಆಗಿ ಕೂಡುತ್ತದೆ, ನಷ್ಟವೂ ಹಾಗೆಯೇ. ಬಲವಾದ ಎಲೆಗಳಿದ್ದೂ ರೇಸ್ ಮಾಡದೆ (ಬೆಟ್ ಏರಿಸದೆ) ಬರೀ ಕಾಲ್ ಮಾಡುವ (ಎದುರಿನ ಬೆಟ್‌ಗೆ ಸಮನಾಗಿ ಹಾಕುವ), ಬೆಟ್ ಕಟ್ಟಬೇಕಾದಲ್ಲಿ ಚೆಕ್ ಮಾಡುವ (ಬೆಟ್ ಕಟ್ಟದೆ ಸರದಿ ದಾಟಿಸುವ) ಆಟಗಾರ ತನಗೇ ತಿಳಿಯದಂತೆ ಕಳೆದುಕೊಳ್ಳುತ್ತಾನೆ. ಇಲ್ಲಿ ನೀತಿಶಾಸ್ತ್ರದ ಒಂದು ಪ್ರಶ್ನೆ ಏಳುತ್ತದೆ: ಮಾಡಿ ಕಳೆದುಕೊಂಡದ್ದಕ್ಕೂ ಮಾಡದೆ ಕಳೆದುಕೊಂಡದ್ದಕ್ಕೂ ಹೊಣೆ ಒಂದೇ ತೂಕದ್ದೇ?

ಕೈಯಲ್ಲಿ ಎರಡು ಎಕ್ಕಗಳಿದ್ದು, ಎದುರಿನ ನಾಲ್ವರ ಬಳಿ ಯಾವ ಎಲೆಗಳಾದರೂ ಇರಬಹುದು ಎಂದಾದರೆ, ಐವರೂ ಕೊನೆಯವರೆಗೆ ಉಳಿದಾಗ ಎಕ್ಕಗಳು ಗೆಲ್ಲುವ ಸಂಭವ ಸುಮಾರು ಶೇ. 56. ಐವರೂ ಇನ್ನೊಂದೊಂದು ಬೆಟ್ ಹಾಕಿದರೆ ಆ ಐದರಲ್ಲಿ ಎಕ್ಕಗಳ ಸರಾಸರಿ ಪಾಲು 2.8, ಅದಕ್ಕೆ ತೆತ್ತದ್ದು ಒಂದು. ರೇಸ್ ಮಾಡದವನು ಸರಾಸರಿ 1.8 ಬೆಟ್ ಬಿಟ್ಟುಕೊಟ್ಟಂತಾಯಿತು. ಆದರೆ 100ರಲ್ಲಿ ಸುಮಾರು 44 ಸಲ ಎಕ್ಕಗಳೂ ಸೋಲುತ್ತವೆ. ಅಂಜಿಕೆ ಬೇರೂರುವುದು ಈ ಸೋಲುಗಳ ನೆನಪಿನಲ್ಲಿ. ರೇಸ್ ಮಾಡಿ ಸೋತ ಹಣ ಎದುರಾಳಿಯ ಮುಂದೆ ರಾಶಿ ಬಿದ್ದಿರುತ್ತದೆ. ಬಿಟ್ಟುಕೊಟ್ಟ ಹಣ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದಲೇ ಸುಮ್ಮನಿದ್ದವನಿಗೆ ತಾನು ನಿರ್ದೋಷಿ ಎನಿಸುತ್ತದೆ.

ತತ್ತ್ವಜ್ಞಾನಿಗಳಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಇನ್ನೊಬ್ಬರಿಗೆ ಕೇಡು ಮಾಡದಿರುವ ಕರ್ತವ್ಯ ನೆರವಾಗುವ ಕರ್ತವ್ಯಕ್ಕಿಂತ ಬಲವಾದದ್ದು ಎಂದು ಫಿಲಿಪಾ ಫುಟ್ 1967ರಲ್ಲಿ ವಾದಿಸಿದರು. ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ಸ್ವತಃ ನೈತಿಕ ಅಂತರವಿಲ್ಲ ಎಂಬುದು 1975ರಲ್ಲಿ ಜೇಮ್ಸ್ ರೇಚಲ್ಸ್ ಮುಂದಿಟ್ಟ ವಾದ. ಫುಟ್ ಅವರ ಭೇದ ನಿಲ್ಲುವುದು ಪರರ ಹಕ್ಕಿಗೆ ಧಕ್ಕೆ ಬರುವ ಕಡೆ. ಪೋಕರ್ ಮೇಜಿನಲ್ಲಿ ಎಲ್ಲರೂ ಒಪ್ಪಿಯೇ ಕುಳಿತಿರುತ್ತಾರೆ. ಸರದಿ ಬಂದಾಗ ಚೆಕ್ ಮಾಡುವುದೂ ಬೆಟ್‌ನಷ್ಟೇ ಒಂದು ತೀರ್ಮಾನ. ಹಾಗಾಗಿ ಇಲ್ಲಿ ಸುಮ್ಮನಿರುವಿಕೆಗೆ ವಿಶೇಷ ವಿನಾಯಿತಿ ಸಲ್ಲದು.

ಭಗವದ್ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕ ಜೂಜಿನ ಮಾತಲ್ಲ. ಯುದ್ಧಕ್ಕೆ ಹಿಂಜರಿದ ಅರ್ಜುನನಿಗೆ ಹೇಳಿದ್ದು. ಆದರೂ ಅದರ ತಿರುಳು ಇಲ್ಲಿ ಬೆಳಕು ನೀಡುತ್ತದೆ. ಫಲದ ಮೇಲೆ ಅಧಿಕಾರವಿಲ್ಲ ಎಂಬ ಅದರ ಬೋಧೆ ಎಲ್ಲರ ಬಾಯಲ್ಲಿದೆ. ಕೊನೆಯ ಪಾದ ಅಕರ್ಮದ ಮೇಲಿನ ಮೋಹವನ್ನೂ ತಡೆಯುತ್ತದೆ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಸೋಲಿನ ಭಯದಿಂದ ಕೈಕಟ್ಟಿ ಕೂರುವುದು ವೈರಾಗ್ಯವಲ್ಲ, ಫಲಕ್ಕೆ ಅಂಟಿಕೊಂಡಿರುವ ಇನ್ನೊಂದು ರೀತಿ.

ಹಾಗೆಂದು ಸದಾ ಮುನ್ನುಗ್ಗುವುದೇ ಸರಿ ಎಂದಲ್ಲ. ತನಗಿಂತ ಬಲವಾದ ಎಲೆ ಹಿಡಿದವರು ಮಾತ್ರ ಕಾಲ್ ಮಾಡಬಹುದಾದ ಕೊನೆಯ ಸುತ್ತಿನಲ್ಲಿ ಚೆಕ್ ಮಾಡುವುದು ವಿವೇಕ. ಎದುರಾಳಿ ಪೊಳ್ಳು ಎಲೆಗಳಿಂದಲೇ ಬೆಟ್ ಕಟ್ಟುವ ಸ್ವಭಾವದವನಾದರೆ ಅವನಿಗೆ ಅವಕಾಶ ಕೊಟ್ಟು ಕಾಯುವುದೂ ಲಾಭದಾಯಕ. ಇವೆರಡರಲ್ಲೂ ತಡೆದು ನಿಲ್ಲಲು ಲೆಕ್ಕದ ಆಧಾರವಿದೆ. ಅಂಜಿಕೆಯ ಚೆಕ್‌ಗೆ ಅದಿಲ್ಲ. ಆದ್ದರಿಂದ ತೀರ್ಮಾನವನ್ನು ಅಳೆಯಬೇಕಾದುದು ಬೆಟ್ ಕಟ್ಟಿದರೋ ಬಿಟ್ಟರೋ ಎಂಬುದರಿಂದಲ್ಲ, ಆ ಆಟ ಗೆದ್ದರೋ ಸೋತರೋ ಎಂಬುದರಿಂದಲೂ ಅಲ್ಲ. ಆ ಗಳಿಗೆಯಲ್ಲಿ ತಿಳಿದಿದ್ದರ ಮೇಲೆ ಅದಕ್ಕೆ ಸಾಕಷ್ಟು ಕಾರಣವಿತ್ತೇ ಎಂಬುದೇ ಅಳತೆ, ಮಾಡಿದ್ದಕ್ಕೂ ಮಾಡದ್ದಕ್ಕೂ.