ಪಂಜರದ ಗಿಳಿಯೂ ಆನೃಶಂಸ್ಯವೂ

ಆನೃಶಂಸ್ಯವೆಂಬ ಧರ್ಮದ ಸ್ವರೂಪವೇನೆಂದು ಮಹಾಭಾರತದ ಅನುಶಾಸನಪರ್ವದಲ್ಲಿ ಧರ್ಮರಾಯನು ಭೀಷ್ಮನನ್ನು ಕೇಳುತ್ತಾನೆ. ಪಿತಾಮಹನು ಲಕ್ಷಣವನ್ನು ನಿರೂಪಿಸದೆ ಒಂದು ಗಿಳಿಯ ಕಥೆಯನ್ನು ಹೇಳುತ್ತಾನೆ. ಬೇಡನ ವಿಷಬಾಣವು ಗುರಿತಪ್ಪಿ ಮಹಾವೃಕ್ಷವೊಂದಕ್ಕೆ ನಾಟಿತು, ಮರವು ಒಣಗಿತು. ಅದರ ಪೊಟರೆಯಲ್ಲಿದ್ದ ಗಿಳಿಯು ಮಾತ್ರ ಕದಲಲಿಲ್ಲ. ಬ್ರಾಹ್ಮಣವೇಷದಿಂದ ಬಂದ ಇಂದ್ರನು ಕಾರಣವನ್ನು ಕೇಳಲು, ಹುಟ್ಟಿ ಬೆಳೆದು ರಕ್ಷಣೆ ಪಡೆದ ಮರವನ್ನು ಆಪತ್ಕಾಲದಲ್ಲಿ ಹೇಗೆ ತೊರೆಯಲೆಂದು ಅದು ಮರುನುಡಿಯಿತು. ವರವನ್ನು ಬೇಡೆಂದಾಗಲೂ ತನಗಾಗಿ ಏನನ್ನೂ ಕೇಳದೆ ಮರವು ಮತ್ತೆ ಚಿಗುರಲೆಂದು ಕೇಳಿತು.

ಈ ಕಥೆಯನ್ನು ಮನೆಯ ಪಂಜರದ ಗಿಳಿಗೆ ಹೊಂದಿಸಿ ನೋಡಿದರೆ ಪ್ರಶ್ನೆಯು ತಲೆಕೆಳಗಾಗುತ್ತದೆ. ಅಲ್ಲಿ ಗಿಳಿಯು ಮರವನ್ನು ಬಿಟ್ಟುಹೋಗಬಹುದಾಗಿತ್ತು, ಹೋಗಲಿಲ್ಲ. ಇಲ್ಲಿ ಬಿಡುವ ಸ್ವಾತಂತ್ರ್ಯವು ಗಿಳಿಗಿಲ್ಲ. ಅದು ಮರದ ಸ್ಥಾನದಲ್ಲಿ ನಿಂತಿರುವ ಗೃಹಸ್ಥನಿಗೆ ಮಾತ್ರ ಉಂಟು. ಹಾಗಾದರೆ ಆನೃಶಂಸ್ಯದ ಹೊಣೆಯು ಯಾರದು?

ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಿಷಿದ್ಧವಾಗಿದೆ. ಆದುದರಿಂದ ನಗರಗಳಲ್ಲಿ ಗಿಳಿಯ ಆಸೆಯುಳ್ಳವರು ಪರದೇಶದ ಜಾತಿಗಳ ಕಡೆಗೆ ತಿರುಗಿದ್ದಾರೆ. ಅವುಗಳಲ್ಲಿ ಎಕ್ಲೆಕ್ಟಸ್ ಎಂಬುದು ಒಂದು. ನ್ಯೂಗಿನಿ, ಮಲುಕು ಮತ್ತು ಸಾಲೊಮನ್ ದ್ವೀಪಗಳು, ಆಸ್ಟ್ರೇಲಿಯಾದ ಈಶಾನ್ಯ ತುದಿಯ ಅರಣ್ಯ ಇವು ಅದರ ತವರು. ಗಂಡು ಎಳೆಯ ಬಾಳೆಯೆಲೆಯಂತೆ ಹಸುರು. ಹೆಣ್ಣು ಕೆಂಪು, ಎದೆಯ ಕೆಳಗೆ ನೀಲಿ ಇಲ್ಲವೆ ನೇರಳೆ. 1776ರಲ್ಲಿ ಶಾಸ್ತ್ರೀಯ ನಾಮಕರಣವಾದ ಮೇಲೆಯೂ ಸುಮಾರು ನೂರು ವರ್ಷ ವಿದ್ವಾಂಸರು ಇವೆರಡನ್ನು ಬೇರೆಬೇರೆ ಜಾತಿಗಳೆಂದೇ ಎಣಿಸಿದ್ದರು. 1870ರ ದಶಕದಲ್ಲಿ ಮೇಯರ್ ಎಂಬ ಜರ್ಮನ್ ಪಂಡಿತನು ಇವು ಒಂದೇ ಜಾತಿಯ ಗಂಡುಹೆಣ್ಣುಗಳೆಂದು ಹೇಳಿದನು. ಕಣ್ಣೆದುರಿನ ಪ್ರತ್ಯಕ್ಷವೇ ಅಷ್ಟು ಕಾಲ ವಂಚಿಸಿತೆಂದ ಮೇಲೆ, ಪಕ್ಷಿಯ ಅಂತರಂಗವನ್ನು ತಾನು ಬಲ್ಲೆನೆಂದು ಯಾರು ತಾನೆ ಧೈರ್ಯವಾಗಿ ಹೇಳಿಯಾರು?

ಆದರೂ ಹೇಳುವವರುಂಟು. ಪಂಜರದಲ್ಲಿಯೇ ಮೊಟ್ಟೆಯೊಡೆದು ಬಂದ ಹಕ್ಕಿಗೆ ಕಾಡೆಂದರೇನೆಂದು ತಿಳಿಯದು, ತಿಳಿಯದುದರ ವಿಯೋಗದುಃಖವೂ ಇಲ್ಲವೆಂಬುದು ಅವರ ವಾದ. ಕೇಳುವುದಕ್ಕೆ ತರ್ಕಬದ್ಧವಾಗಿದೆ. ಆದರೆ ಹಕ್ಕಿಯ ಶರೀರವು ಈ ತರ್ಕವನ್ನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಕೇಪ್ ಯಾರ್ಕ್ ಪ್ರಾಂತದಲ್ಲಿ ಹೈನ್‌ಸಾನ್ ಎಂಬ ಶಾಸ್ತ್ರಜ್ಞನೂ ಅವನ ಸಂಗಡಿಗರೂ ಅನೇಕ ವರ್ಷ ಮರಗಳನ್ನೇರಿ ಈ ಗಿಳಿಗಳ ಬಾಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಒಳ್ಳೆಯ ಪೊಟರೆಗಳು ಅಲ್ಲಿ ವಿರಳ. ಹೆಣ್ಣು ವರ್ಷದ ಬಹುಭಾಗ ತನ್ನ ಪೊಟರೆಯನ್ನು ಬಿಟ್ಟು ಕದಲದೆ, ಇತರ ಹೆಣ್ಣುಗಳೊಡನೆ ಅದಕ್ಕಾಗಿ ಕಾದಾಡುತ್ತದೆ. ಅದರ ಕೆಂಬಣ್ಣವು ದೂರದವರಿಗೆ ಕೊಟ್ಟ ಎಚ್ಚರಿಕೆ. ಒಂದಲ್ಲ, ಹಲವು ಗಂಡುಗಳು ಹಣ್ಣನ್ನು ತಂದು ಅದಕ್ಕೆ ಉಣಿಸುತ್ತವೆ; ಹಾರಿ ಅಲೆಯುವ ಅವುಗಳನ್ನು ಹಸುರು ಬಣ್ಣವು ಎಲೆಗಳಲ್ಲಿ ಮರೆಮಾಡುತ್ತದೆ.

ಕಾಡನ್ನೆಂದೂ ಕಾಣದ ಹೆಣ್ಣುಗಿಳಿಯು ಬೆಂಗಳೂರಿನ ಮನೆಯೊಂದರಲ್ಲಿ ಬೀರುವಿನ ಹಿಂದಣ ಕತ್ತಲೆಯನ್ನು ಕಂಡೊಡನೆ ಒಳನುಗ್ಗಿ, ಕೈಯಿಕ್ಕಿದವರನ್ನು ಕಚ್ಚುವುದು ಈ ಕಾರಣದಿಂದಲೇ. ಸಾಕುವುದರಲ್ಲಿ ನುರಿತವರು ಅಂತಹ ಮೂಲೆಗಳನ್ನು ಮುಚ್ಚಿಬಿಡಬೇಕೆನ್ನುತ್ತಾರೆ. ಇಲ್ಲವಾದರೆ ಅದು ಮೇಲಿಂದ ಮೇಲೆ ಮೊಟ್ಟೆಯಿಟ್ಟು ಕೃಶವಾಗುತ್ತದೆ. ಪ್ರಾಣವನ್ನೇ ಪಣವಾಗಿಟ್ಟು ಕಾಡಿನಲ್ಲಿ ಯಾವುದಕ್ಕಾಗಿ ಹೋರಾಡುತ್ತಿತ್ತೋ ಅದನ್ನೇ ಅದರ ಹಿತಕ್ಕಾಗಿ ಕಿತ್ತುಕೊಳ್ಳಬೇಕು! ಸಾಕುವವನ ದಯೆಯೊಳಗೆ ಅಡಗಿರುವ ಕ್ರೌರ್ಯವು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು.

ಹಾಗಿದ್ದರೆ ಬಾಗಿಲು ತೆರೆದು ಹಾರಿಬಿಟ್ಟರಾಯಿತಲ್ಲವೆ, ಪುಣ್ಯವೂ ಬಂತೆಂದು ಕೆಲವರು ಹೇಳುವರು. ಪೇಟೆಯಲ್ಲಿ ಹಕ್ಕಿಗಳನ್ನು ಕೊಂಡು ಬಿಡಿಸುವ ಪದ್ಧತಿಯೇ ಉಂಟು. ಬಿಡಿಸುವವರು ಹೆಚ್ಚಿದಷ್ಟೂ ಹಿಡಿಯುವವನ ವ್ಯಾಪಾರವು ಹೆಚ್ಚುವುದನ್ನು ಪುಣ್ಯಾರ್ಥಿಗಳು ಯೋಚಿಸುವುದಿಲ್ಲ. ಎಕ್ಲೆಕ್ಟಸ್‌ಗಂತೂ ನಮ್ಮ ಆಕಾಶವು ಮುಕ್ತಿಯಲ್ಲ. ಯಾವ ಮರದ ಕಾಯಿ ತಿನ್ನತಕ್ಕದ್ದೆಂದು ಅದಕ್ಕೆ ಕಲಿಸಿದವರಿಲ್ಲ; ಹದ್ದು ಬೆಕ್ಕುಗಳ ಭಯವನ್ನು ಅರಿಯದು. ಹಾರಿಬಿಡುವುದು ಅದನ್ನು ಕೊಲ್ಲುವುದರ ಸೌಮ್ಯವಾದ ಹೆಸರು.

ಆದುದರಿಂದ ಮೊದಲು ಕೊಂಡುದು ತಪ್ಪೆಂದು ಅರಿತವನಿಗೂ ಉಳಿಯುವುದು ಸಾಕುವ ಹೊಣೆಯೇ. ಅದು ಸುಲಭವೂ ಅಲ್ಲ. ಕಾಳನ್ನೇ ಹಾಕಿ ಬೆಳೆಸಿದರೆ ಈ ಗಿಳಿಗೆ ಕೊಬ್ಬು ಹೆಚ್ಚುತ್ತದೆ, ಎ ಜೀವಸತ್ತ್ವವು ಸಾಲದೆ ರೋಗ ಬರುತ್ತದೆ. ಪರಂಗಿ, ದಾಳಿಂಬೆ, ಗಜ್ಜರಿ, ಸೊಪ್ಪು, ಮೊಳೆತ ಹೆಸರುಕಾಳು ಇವನ್ನು ದಿನವೂ ಹೊಸದಾಗಿ ಹೆಚ್ಚಿಡಬೇಕು. ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೆ ಉಳಿದುದನ್ನು ತೆಗೆಯಬೇಕು. ಬೆಣ್ಣೆಹಣ್ಣೂ ಚಾಕೊಲೇಟೂ ವಿಷ. ಅಂಟದ ಲೇಪವುಳ್ಳ ಬಾಣಲೆ ಅತಿಯಾಗಿ ಕಾದರೆ ಅದರಿಂದೇಳುವ ಹೊಗೆಯು ಕ್ಷಣಮಾತ್ರದಲ್ಲಿ ಹಕ್ಕಿಯ ಪ್ರಾಣವನ್ನು ತೆಗೆಯಬಲ್ಲುದು. ರಾತ್ರಿ ಹತ್ತು ಹನ್ನೆರಡು ಗಂಟೆ ನಿದ್ದೆ ಬೇಕು. ಮನೆಯವರ ರೇಡಿಯೋ, ಹರಟೆ ಎಲ್ಲವೂ ಅದಕ್ಕೆ ಅಧೀನವಾಗಬೇಕು.

ಇಷ್ಟಾದರೂ ಮನಸ್ಸಿನ ಮಾತು ಬೇರೆ. ಎಕ್ಲೆಕ್ಟಸ್ ಶಾಂತಸ್ವಭಾವದ್ದೆಂದು ಮಾರುವವರು ಹೊಗಳುತ್ತಾರೆ. ಬೇಟೆಗೊಳಗಾಗುವ ಜೀವಿಯು ತನ್ನ ನೋವನ್ನು ಬಚ್ಚಿಡುವುದು ಪಕ್ಷಿವೈದ್ಯರೆಲ್ಲ ಬಲ್ಲ ಸಂಗತಿ. ಮೌನವನ್ನು ಸಂತೋಷವೆಂದು ತಿಳಿದು ನೆಮ್ಮದಿಯಾಗಿದ್ದ ಯಜಮಾನನು ಒಂದು ಬೆಳಗ್ಗೆ, ಹಕ್ಕಿಯು ತನ್ನ ಎದೆಯ ಗರಿಗಳನ್ನು ತಾನೇ ಕಿತ್ತು ಕೆಡಹಿರುವುದನ್ನು ನೋಡುತ್ತಾನೆ. ರೋಗವಿರಬಹುದು, ಆಹಾರದೋಷವಿರಬಹುದು, ಒಂಟಿತನವಿರಬಹುದು. ಆಗ ಅವನು ಕೋಪಿಸದೆ ಒಂದೊಂದನ್ನೇ ಪರೀಕ್ಷಿಸುವ ತಾಳ್ಮೆಯುಳ್ಳವನಾದರೆ ಭೀಷ್ಮನು ಹೇಳಿದ ಶಬ್ದವು ಅವನಿಗೆ ಸಲ್ಲುತ್ತದೆ. ಆದರೆ ಅದನ್ನು ಪುಣ್ಯವೆಂದು ಲೆಕ್ಕವಿಡುವುದು ಸಲ್ಲದು. ಸಾಲ ತೀರಿಸುವವನು ದಾನಿಯಲ್ಲ.

ಆ ಸಾಲದ ಅವಧಿಯೂ ದೀರ್ಘ. ಈ ಗಿಳಿಯು ಮೂವತ್ತು ವರ್ಷ ಬದುಕಬಹುದು. 2022ರಲ್ಲಿ ತಿದ್ದಿದ ಕಾಯಿದೆಯಿಂದಲೂ 2024ರ ನಿಯಮಗಳಿಂದಲೂ ಇಂತಹ ಪರದೇಶದ ಹಕ್ಕಿಗಳನ್ನು ಸರ್ಕಾರದಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಒಡೆಯನು ಕಾಲವಾದ ಮೇಲೆ ಅದಕ್ಕೆ ಹಣ್ಣು ಹೆಚ್ಚುವವರು ಯಾರೆಂಬುದನ್ನು ಯಾವ ನೋಂದಣಿಯೂ ಹೇಳದು. ಅರುವತ್ತು ದಾಟಿದ ಗೃಹಸ್ಥನು ಹೊಲಮನೆಗಳ ವಿಭಾಗವನ್ನು ಬರೆಯಿಸುವಾಗ ಗಿಳಿಯನ್ನೂ ಜ್ಞಾಪಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಮುಂಚೆ, ಮುಂದೆ ಅದನ್ನು ನೋಡಿಕೊಳ್ಳಲಿರುವ ಸೊಸೆಯೋ ಮೊಮ್ಮಗನೋ ಈಗಿನಿಂದಲೇ ದಿನಕ್ಕೊಂದು ತುತ್ತನ್ನು ತಮ್ಮ ಕೈಯಿಂದ ಕೊಡುವಂತೆ ಅಭ್ಯಾಸಮಾಡಿಸಿದರೆ, ಒಂದು ಕೈ ಇಲ್ಲವಾದ ದಿನ ಹಕ್ಕಿಗೆ ಇನ್ನೊಂದು ಕೈಯ ಗುರುತಾದರೂ ಇರುತ್ತದೆ.