ಇಣುಕಿದ್ದು ಗೊತ್ತಾಗಬೇಕು

ಬೆಳಕಿನ ಎರಡು ಕಣಗಳು (ಫೋಟಾನುಗಳು) ಎಷ್ಟೇ ದೂರದಲ್ಲಿದ್ದರೂ ಹೆಣೆದುಕೊಂಡಿರಬಲ್ಲವು ಎಂಬ ವಿಜ್ಞಾನದ ಮಾತನ್ನು ಹಿಡಿದುಕೊಂಡು, ಕುಳಿತಲ್ಲಿಂದಲೇ ರೋಗ ಕಳೆಯುತ್ತೇವೆ ಎನ್ನುವವರಿದ್ದಾರೆ. ಅದು ಸುಳ್ಳು. ಹೆಣೆದ ಫೋಟಾನುಗಳಿಂದ ಒಂದಕ್ಷರದ ಸುದ್ದಿಯನ್ನೂ ಕಳಿಸಲಾಗದು. ಎರಡೂ ಕಡೆಯ ಅಳತೆಗಳನ್ನು ಮಾಮೂಲಿ ಫೋನಿನಲ್ಲೋ ಇಂಟರ್ನೆಟ್ಟಿನಲ್ಲೋ ತಾಳೆ ನೋಡಿದ ಮೇಲೆಯೇ ಹೊಂದಾಣಿಕೆ ಕಾಣುವುದು.

ಅವುಗಳಿಂದ ಸಿಗುವುದು ಗೂಢಲಿಪಿಯ ಕೀಲಿ. ವಿಶೇಷ ಹರಳಿನೊಳಗೆ ಲೇಸರ್ ಹಾಯಿಸಿದಾಗ ಅಪರೂಪಕ್ಕೆ ಒಂದು ಫೋಟಾನು ಎರಡಾಗಿ ಒಡೆಯುತ್ತದೆ. ಒಂದು ಈ ಕಡೆಯವರಿಗೆ, ಇನ್ನೊಂದು ಆ ಕಡೆಯವರಿಗೆ. ಇಬ್ಬರೂ ತಮಗೆ ತೋಚಿದ ದಿಕ್ಕಿನಲ್ಲಿ ಧ್ರುವೀಕರಣ (ಬೆಳಕಿನ ಅಲೆ ಕಂಪಿಸುವ ಬಗೆ) ಅಳೆದು, ದಿಕ್ಕು ಕೂಡಿಬಂದ ಕಡೆಯ ಸೊನ್ನೆ-ಒಂದುಗಳನ್ನು ಇಟ್ಟುಕೊಳ್ಳುತ್ತಾರೆ. ನಡುವೆ ಯಾರಾದರೂ ಇಣುಕಿದರೆ ಹೆಣಿಗೆ ಕಡಿದು, ತಾಳೆಯಲ್ಲಿ ತಪ್ಪುಗಳು ಹೆಚ್ಚುತ್ತವೆ. ಆ ಕೀಲಿಯನ್ನು ಕೈಬಿಡುತ್ತಾರೆ. 1991ರಲ್ಲಿ ಭೌತವಿಜ್ಞಾನಿ ಆರ್ಟುರ್ ಎಕರ್ಟ್ ಈ ದಾರಿ ತೋರಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ತಂಡ 2021ರಲ್ಲಿ ಎರಡು ಕಟ್ಟಡಗಳ ನಡುವಿನ ಬಯಲಲ್ಲಿ ಇಂಥ ಕ್ವಾಂಟಮ್ ಕೀಲಿ ಹಂಚಿ ತೋರಿಸಿತು. ಇಂಥ ಸಂಶೋಧನೆಗಳನ್ನು ಬೆಂಬಲಿಸುವ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರಲ್ಲಿ ಮಂಜೂರಾದದ್ದು 6,003 ಕೋಟಿ ರೂಪಾಯಿ.

ಸರ್ಕಾರ, ಸೇನೆ, ಬ್ಯಾಂಕುಗಳ ಗುಟ್ಟಿಗೆ ಈ ಕಾವಲು ಬೇಕು, ನಿಜ. ಆದರೆ ಶಿಕಾರಿಪುರ, ಸೊರಬದ ಹಳ್ಳಿಗಳಿಂದ ಪಿಂಚಣಿಗೋ ಗೃಹಲಕ್ಷ್ಮಿಗೋ ಅರ್ಜಿ ಹಾಕಲು ಪೇಟೆಗೆ ಬರುವ ಅಜ್ಜಿಯ ಗುಟ್ಟು? ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು ಮೂರರದ್ದೂ ಜೆರಾಕ್ಸ್. "ಇನ್ನೊಂದು ಕಾಪಿ ಇಲ್ಲೇ ಇರ್ಲಿ ಅಜ್ಜಿ" ಎಂದರೆ ಆಕೆ ಇಟ್ಟುಹೋಗುತ್ತಾರೆ. ಫೋನಿಗೆ ಬಂದ ಓಟಿಪಿಯನ್ನು ಕಂಪ್ಯೂಟರ್ ಮುಂದೆ ಕೂತ ಹುಡುಗನೇ ಓದಿಕೊಳ್ಳುತ್ತಾನೆ. ಆ ಕಾಗದ ಆಮೇಲೆ ಯಾರ ಕೈ ಸೇರಿತು, ಕಂಪ್ಯೂಟರಿನಲ್ಲಿ ಅದನ್ನು ಯಾರು ತೆರೆದು ನೋಡಿದರು, ಆಕೆಗೆ ಯಾರೂ ಹೇಳುವುದಿಲ್ಲ. ಇದು ನನಗೆ ಅನ್ಯಾಯವೆನಿಸುತ್ತದೆ.

ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪು ಬಂತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರದ ಕೈಗೇ ಬಿಟ್ಟಿದೆ. ಇಣುಕುವವರೇ ಇಣುಕಲು ಅಪ್ಪಣೆ ಬರೆದುಕೊಂಡಂತಾಯಿತು.

ಫೋಟಾನಿಗೆ ನಿಸರ್ಗ ಕೊಟ್ಟ ರಕ್ಷಣೆಯನ್ನು ಮನುಷ್ಯರಿಗೆ ನಾವೇ ಕಾನೂನಿನಲ್ಲಿ ಬರೆದುಕೊಳ್ಳಬೇಕು. ಅಜ್ಜಿಯ ದಾಖಲೆಯನ್ನು ಯಾರೇ ತೆರೆಯಲಿ, ಅವರ ಹೆಸರು ಮತ್ತು ಕಾರಣ ಅಂದೇ ಆಕೆಯ ಫೋನಿಗೆ ಕನ್ನಡದಲ್ಲಿ ಬರಬೇಕು. ಓದಲು ಬಾರದಿದ್ದರೆ ಕರೆ ಮಾಡಿ ಹೇಳಬೇಕು.